ಅವಳಿ ಎಸ್‌ಯು ಕಾರ್ಬ್ಯುರೇಟರ್: ಹಿಂದಿನದು ಸೋರುತ್ತಿದೆ, ಎಲ್ಲಿಂದ ಅಂತ ಸಿಗುತ್ತಿಲ್ಲ

ಕೆಂಪು ಎಂಜಿಬಿ (ಟಿಳಕವಾಡಿ, ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಅಪ್ಪನ 1965ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಈಗ ನನ್ನ ಕೈಗೆ ಬಂದಿದೆ. 1798 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡಲು ಎಸ್‌ಯು ಕಂಪನಿಯ ಎರಡು ಎಚ್‌ಎಸ್4 ಕಾರ್ಬ್ಯುರೇಟರ್. ಅಪ್ಪ ಇರೋವರೆಗೂ ಅದರ ಬೋನೆಟ್ ಎತ್ತಿದ್ದು ಅವರೊಬ್ಬರೇ. ಪಕ್ಕದಲ್ಲಿ ನಿಂತು ಪಾನಾ ಕೊಡುತ್ತಿದ್ದವಳು ನಾನು, ಅವರ ಮಗಳು. ಹಾಗಾಗಿ ಸಾಮಾನುಗಳ ಹೆಸರು ಗೊತ್ತು. ರೋಗ ಹಿಡಿಯೋದು ಈಗ ಕಲಿಯುತ್ತಿದ್ದೇನೆ.

ತೊಂದರೆ ಇದು. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ. ನೆಲದ ಮೇಲೆ ಹನಿ ಕಾಣುವುದಿಲ್ಲ, ಅಷ್ಟೊತ್ತಿಗೆ ಆರಿ ಹೋಗಿರುತ್ತದೆ. ರಾತ್ರಿ ಹಳೆ ಪೇಪರ್ ಹಾಸಿಟ್ಟರೆ ಹಿಂದಿನ ಕಾರ್ಬ್ಯುರೇಟರ್ ಕೆಳಗೆ ಸರಿಯಾಗಿ ಒಂದು ಕಲೆ. ಕೀ ತಿರುಗಿಸಿದರೆ ಪಂಪು ತುಂಬ ಹೊತ್ತು ಟಕಟಕ ಅಂದು ಆಮೇಲೆ ನಿಧಾನವಾಗುತ್ತದೆ. ಮುಂಚೆ ಇಷ್ಟು ಹೊತ್ತು ತಗೊಳ್ಳುತ್ತಿರಲಿಲ್ಲ.

ಇನ್ನೊಂದು. ಸಂಕೇಶ್ವರದಿಂದ ವಾಪಸ್ ಬರುವಾಗ ವಂಟಮುರಿ ಘಾಟ್ ಹತ್ತಿದ ಮೇಲೆ ವಾಸನೆ ಜಾಸ್ತಿಯಾಯಿತು. ನಿಲ್ಲಿಸಿ ನೋಡಿದರೆ ಹಿಂದಿನ ಫ್ಲೋಟ್ ಚೇಂಬರಿನ (ಕಾರ್ಬ್ಯುರೇಟರಿನ ಪಕ್ಕದ ಪೆಟ್ರೋಲ್ ಬಟ್ಟಲು) ಓವರ್‌ಫ್ಲೋ ಪೈಪಿನ ತುದಿಯಿಂದ ಪೆಟ್ರೋಲ್ ಹನಿಯುತ್ತಿತ್ತು. ಮುಂದಿನದು ಒಣಗಿತ್ತು.

ಹಳೆ ಎಸ್‌ಯು ಪಂಪು ಕೆಟ್ಟಿತ್ತು ಅಂತ ಹೋದ ದೀಪಾವಳಿ ಹೊತ್ತಿಗೆ ಒಂದು ಗ್ಯಾರೇಜಿನಲ್ಲಿ ಚೌಕಾಕಾರದ ಎಲೆಕ್ಟ್ರಿಕ್ ಪಂಪು ಹಾಕಿಸಿದೆ. ಅದರ ಡಬ್ಬಿ ಮೇಲೆ ಒತ್ತಡ 4ರಿಂದ 7 ಪಿಎಸ್‌ಐ ಎಂದು ಬರೆದಿದೆ. ಸೋರುತ್ತಿದೆ ಅಂದಾಗ ಅದೇ ಗ್ಯಾರೇಜಿನವರು ಕಾರ್ಬ್ಯುರೇಟರಿನ ಎಲ್ಲ ನಟ್ಟುಗಳನ್ನೂ ಬಿಗಿ ಮಾಡಿಕೊಟ್ಟರು. ಕೆಳಗಿನ ಒದ್ದೆ ಇನ್ನೂ ಜಾಸ್ತಿಯಾಯಿತು. ಈಗ, "ಎರಡೂ ಕಿತ್ತು ಒಂದೇ ಕಾರ್ಬ್ಯುರೇಟರ್ ಕೂರಿಸೋಣ, ತಲೆನೋವೇ ಬೇಡ" ಅನ್ನುತ್ತಿದ್ದಾರೆ. ನನಗೆ ಅದು ಬೇಡ. ಈ ಕಾರು ಹೇಗೆ ತಯಾರಾಯಿತೋ ಹಾಗೇ ಇರಬೇಕು. ಎಲ್ಲಿಂದ ನೋಡಲು ಶುರು ಮಾಡಲಿ?

ನವನಗರದವ (ಬಾಗಲಕೋಟೆ)

ಅಕ್ಕಾರೆ, ಮೊದಲು ಕಾರು ಓಡಿಸೋದು ನಿಲ್ಲಿಸಿ. ಎಂಜಿಬಿಯಲ್ಲಿ ಕಾರ್ಬ್ಯುರೇಟರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಬಿಸಿ ಹೊಗೆ ಹೊರಗೆ ಹೋಗುವ ಕೊಳವೆ) ಎರಡೂ ಎಂಜಿನ್ನಿನ ಒಂದೇ ಮಗ್ಗುಲಲ್ಲಿವೆ. ಮೇಲೆ ಪೆಟ್ರೋಲ್, ಕೆಳಗೆ ಕಾದ ಕಬ್ಬಿಣ, ನಡುವೆ ಒಂದು ತಗಡು ಅಷ್ಟೇ. ಘಾಟ್ ಮೇಲೆ ಏನೂ ಆಗಲಿಲ್ಲ ಅನ್ನೋದು ನಿಮ್ಮ ಪುಣ್ಯ. ಡ್ರೈ ಪೌಡರ್ ಅಗ್ನಿಶಾಮಕ ಒಂದು ತಂದು ಶೆಡ್ಡಿನ ಬಾಗಿಲ ಹತ್ತಿರ ಇಡಿ. ಕಾರಿಗೆ ಪೂಜೆ ಮಾಡಿ ಊದುಬತ್ತಿ ಹಚ್ಚೋ ರೂಢಿ ಇದ್ದರೆ ಇದು ಸರಿಹೋಗುವವರೆಗೆ ಬೇಡ. ಬಿಚ್ಚುವ ಕೆಲಸ ಮಾಡುವಾಗ ಸೀಟಿನ ಹಿಂದಿನ ಬ್ಯಾಟರಿ ಕನೆಕ್ಷನ್ ತೆಗೆದುಬಿಡಿ.

ಆಮೇಲೆ ಒಂದು ಪರೀಕ್ಷೆ. ಎಂಜಿನ್ ತಣ್ಣಗಿರುವಾಗ ಎಲ್ಲ ಒರೆಸಿ ಒಣಗಿಸಿ. ಕಾರು ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ನೋಡಿ. ಎಲ್ಲಿ ಒದ್ದೆಯಾಗುತ್ತದೆ? ಆಫ್ ಮಾಡಿದ ಮೇಲೆ ನಿಲ್ಲುತ್ತದಾ?

ಕೆಂಪು ಎಂಜಿಬಿ

ಮಾಡಿದೆ ಅಣ್ಣಾ, ಶೆಡ್ಡಿನ ಹೊರಗೆ ತಳ್ಳಿಕೊಂಡು ಬಂದು. ಕೀ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಹಿಂದಿನ ಓವರ್‌ಫ್ಲೋ ಪೈಪು ಹನಿಯಿತು. ಆಫ್ ಮಾಡಿದೆ, ನಿಂತಿತು. ಆದರೆ ಅದೇ ಚೇಂಬರಿನ ತಳದಲ್ಲಿ, ಬಿಳಿ ಪೈಪು ಸೇರುವ ಸಣ್ಣ ನಟ್ಟಿನ ಹತ್ತಿರ, ಒರೆಸಿದರೂ ಮತ್ತೆ ಒದ್ದೆ. ಅದು ಆಫ್ ಮಾಡಿದ ಮೇಲೂ ನಿಲ್ಲಲಿಲ್ಲ.

ಹಳೇ ಟರ್ನರ್ (ಉದ್ಯಮಬಾಗ, ಬೆಳಗಾವಿ)

ತಂಗೀ, ನಿನ್ನ ಕಾರಿನಲ್ಲಿ ಒಂದಲ್ಲ, ಎರಡು ಸೋರಿಕೆ ಇವೆ. ಅದಕ್ಕೇ ಯಾರಿಗೂ ಸಿಕ್ಕಿಲ್ಲ. ನೀನು ಬರೆದಿದ್ದರಲ್ಲೇ ಎರಡರ ಗುರುತೂ ಇದೆ, ನೋಡು.

ಪಂಪು ಓಡುವಾಗ ಮಾತ್ರ ಹನಿಯುವುದು ಮೇಲಿನ ಸೋರಿಕೆ. ಚೇಂಬರಿನಲ್ಲಿ ತೇಲುವ ಫ್ಲೋಟ್ ಮೇಲೆದ್ದು, ಪೆಟ್ರೋಲ್ ಒಳಬರುವ ದಾರಿಯ ನೀಡಲ್ ವಾಲ್ವನ್ನು ಮುಚ್ಚಬೇಕು. ಅದು ಪೂರ್ತಿ ಮುಚ್ಚದಿದ್ದರೆ ಚೇಂಬರ್ ತುಂಬಿ ಓವರ್‌ಫ್ಲೋದಿಂದ ಹೊರಗೆ ಬರುತ್ತದೆ. ಪಂಪು ನಿಂತರೆ ಒತ್ತಡ ಇಲ್ಲ, ಹನಿಯೂ ನಿಲ್ಲುತ್ತದೆ. ಪಂಪು ನಿಂತ ಮೇಲೂ ಸೋರುವುದು ತಳದ ಸೋರಿಕೆ. ಚೇಂಬರ್ ಖಾಲಿಯಾಗುವವರೆಗೂ ಅದು ಬಿಡುವುದಿಲ್ಲ. ರಾತ್ರಿಯೆಲ್ಲ ಹೀಗೆ ಖಾಲಿಯಾಗುತ್ತದೆ, ಬೆಳಿಗ್ಗೆ ಅದನ್ನು ತುಂಬಿಸಲು ಪಂಪು ಅಷ್ಟು ಹೊತ್ತು ಬಡಿದುಕೊಳ್ಳುತ್ತದೆ. ಶೆಡ್ಡಿನ ವಾಸನೆ ತಳದ್ದು, ಘಾಟಿನ ವಾಸನೆ ಮೇಲಿನದು.

ಮೇಲಿನದಕ್ಕೆ ಮೂರು ಕಾರಣ ಇರಬಹುದು: ವಾಲ್ವ್ ಸವೆದಿರಬಹುದು ಇಲ್ಲವೇ ಕಸ ಕೂತಿರಬಹುದು, ಫ್ಲೋಟ್ ಒಳಗೆ ಪೆಟ್ರೋಲ್ ಸೇರಿ ಭಾರ ಆಗಿರಬಹುದು, ಇಲ್ಲವೇ ಪಂಪಿನ ಒತ್ತಡ ಜಾಸ್ತಿ. ಇಲ್ಲಿ ಎರಡು ಕಾರ್ಬ್ಯುರೇಟರ್ ಇರೋದು ದೊಡ್ಡ ಅನುಕೂಲ. ಒಂದೇ ಪಂಪು, ಒಂದೇ ಪೆಟ್ರೋಲ್, ಪಕ್ಕದಲ್ಲೇ ಸೋರದ ಇನ್ನೊಂದು. ಎರಡೂ ಮುಚ್ಚಳ ಬಿಚ್ಚಿ ನೀಡಲ್ ಮತ್ತು ಅದರ ಸೀಟು ಜೊತೆಯಾಗಿ ಅದಲು ಬದಲು ಮಾಡು. ಬೇರೆ ಏನೂ ಮುಟ್ಟಬೇಡ. ಸೋರಿಕೆ ಮುಂದಿನದಕ್ಕೆ ಹೋದರೆ ವಾಲ್ವಿನದೇ ದೋಷ. ಹಿಂದೆಯೇ ಉಳಿದರೆ ಫ್ಲೋಟ್ ನೋಡು. ಎರಡೂ ಹನಿದರೆ ಪಂಪು. ಇದೇ ಹೊತ್ತಿಗೆ ಕಾರ್ಬ್ಯುರೇಟರಿನ ಮೇಲಿನ ಡೋಮುಗಳನ್ನು (ಗುಮ್ಮಟದಂಥ ಟೊಪ್ಪಿಗೆ) ಬಿಚ್ಚುವವರು ಇರುತ್ತಾರೆ. ಅದರೊಳಗೆ ಏರಿಳಿಯುವ ಪಿಸ್ಟನ್ನೂ ಡೋಮೂ ಜೋಡಿಯಾಗಿ ಕೂಡಿಸಿದ್ದು, ಒಂದರದು ಇನ್ನೊಂದಕ್ಕೆ ಹೋಗಬಾರದು. ಈ ಕೆಲಸಕ್ಕೆ ಅವನ್ನು ತೆಗೆಯುವ ಅಗತ್ಯವೇ ಇಲ್ಲ.

ಫ್ಲೋಟ್ ತೆಗೆದಾಗ ಕಿವಿ ಹತ್ತಿರ ಹಿಡಿದು ಅಲ್ಲಾಡಿಸು. ಒಳಗೆ ಗುಳುಗುಳು ಅಂದರೆ ತೂತಿದೆ. ಅನುಮಾನ ಇದ್ದರೆ ಬಿಸಿನೀರು ಅಂಗಳಕ್ಕೆ ತಂದು ಅದರಲ್ಲಿ ಮುಳುಗಿಸು, ಗುಳ್ಳೆ ಎದ್ದ ಕಡೆ ತೂತು. ಒಲೆಯ ಹತ್ತಿರ ಮಾತ್ರ ಬೇಡ. ಫ್ಲೋಟಿನ ಎತ್ತರ ನೋಡಲು ಮುಚ್ಚಳ ತಲೆಕೆಳಗೆ ಹಿಡಿ. ವಾಲ್ವ್ ಮುಚ್ಚಿಕೊಂಡು ಫ್ಲೋಟ್ ತನ್ನ ಭಾರದಲ್ಲೇ ಕೂತಾಗ ಅದಕ್ಕೂ ಮುಚ್ಚಳದ ಅಂಚಿಗೂ ನಡುವೆ 3.2ರಿಂದ 4.8 ಎಂಎಂ ಸಂದು ಇರಬೇಕು. ಒಂದು 4 ಎಂಎಂ ಡ್ರಿಲ್ ಬಿಟ್ ತೂರಿಸಿ ನೋಡು, ಸಾಕು.

ಆದರೆ ನನಗೆ ಅನುಮಾನ ಇರೋದು ಪಂಪಿನ ಮೇಲೆ. ನಿನ್ನ ಕಾರಿನ ಎಸ್‌ಯು ಪಂಪು ಕೊಡುತ್ತಿದ್ದದ್ದು 2.7 ಪಿಎಸ್‌ಐ ಆಸುಪಾಸು. ಈ ವಾಲ್ವ್ ಮಾಡಿದ್ದು ಅಷ್ಟನ್ನು ತಡೆಯಲು. 4ರಿಂದ 7 ಅಂದರೆ ಹೊಸ ವಾಲ್ವ್ ಕೂಡ ಸೋಲಬಹುದು, ಸವೆದದ್ದಂತೂ ನಿಲ್ಲುವುದೇ ಇಲ್ಲ. ನಮ್ಮ ವರ್ಕ್‌ಶಾಪಿನಲ್ಲಿ ಸಣ್ಣ ಗೇಜು ಇದೆ. ಪೈಪಿನ ನಡುವೆ ಟಿ ಆಕಾರದ ಜೋಡಣೆ ಹಾಕಿ ಅಳೆದುಬಿಡೋಣ. 1967ರ ಕೊನೆಯವರೆಗೂ ಎಂಜಿಬಿ ಪಾಸಿಟಿವ್ ಅರ್ಥ್ ಕಾರು, ಅಂದರೆ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಸೇರಿರುತ್ತದೆ. ನಿನ್ನದನ್ನು ಬದಲಾಯಿಸಿದ್ದಾರಾ, ಹೊಸ ಪಂಪಿನ ವೈರು ಯಾವ ಕಡೆಗಿದೆ, ಅದನ್ನೂ ನೋಡಬೇಕು.

ಇನ್ನು ತಳ. ಆ ಬಿಳಿ ನೈಲಾನ್ ಪೈಪು ಚೇಂಬರಿನಿಂದ ಜೆಟ್ಟಿಗೆ, ಅಂದರೆ ಗಾಳಿಗೆ ಪೆಟ್ರೋಲ್ ಬಿಡುವ ಸಣ್ಣ ನಳಿಗೆಗೆ, ಹೋಗುವುದು. ಅದರ ಮೇಲೆ ಮೊದಲು ನಟ್ಟು, ಆಮೇಲೆ ವಾಷರ್, ತುದಿಗೆ ಸೋರದಂತೆ ತಡೆಯುವ ರಬ್ಬರ್ ಉಂಗುರ, ಅದೇ ಗ್ಲಾಂಡ್. ಗ್ಲಾಂಡ್ ಆಚೆಗೆ ಪೈಪು 4.8 ಎಂಎಂ ಆದರೂ ಚಾಚಿರಬೇಕು. ಇಲ್ಲಿ ನೀರಿನ ನಲ್ಲಿಗೆ ಮಾಡಿದಂತೆ ತಿರುಗಿಸಿದರೆ ರಬ್ಬರ್ ಹಿಸುಕಿ ಪೈಪು ಜಜ್ಜುತ್ತದೆ, ಸೋರಿಕೆ ಜಾಸ್ತಿಯೇ ಆಗುತ್ತದೆ. ನಿನ್ನ ಗ್ಯಾರೇಜಿನವರು ಬಿಗಿ ಮಾಡಿದ ಮೇಲೆ ಆಗಿದ್ದು ಇದೇ ಇರಬೇಕು. ಪೈಪು ಜಜ್ಜಿದ್ದರೆ ಜೆಟ್ ಸಮೇತ ಹೊಸದು ಬೇಕು, ಪೈಪೊಂದೇ ಸಿಗುವುದಿಲ್ಲ. ಮುಂದಿನ ಜೆಟ್ಟೂ ಹಿಂದಿನ ಜೆಟ್ಟೂ ಬೇರೆ ಬೇರೆ. ತರಿಸುವಾಗ ಹಿಂದಿನದು ಅಂತ ಹೇಳಲೇಬೇಕು.

ಕೊನೆಗೆ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡು. ಚೇಂಬರ್ ಉಕ್ಕಿದಾಗ ಸ್ವಲ್ಪ ಪೆಟ್ರೋಲ್ ಜೆಟ್ಟಿನಿಂದ ಎಂಜಿನ್ ಒಳಗೂ ಇಳಿದಿರುತ್ತದೆ. ಆಯಿಲ್ ಮಟ್ಟ ಏರಿದ್ದರೆ ಅಥವಾ ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಾಯಿಸದೆ ಎಂಜಿನ್ ತಿರುಗಿಸಬೇಡ. ಬೇರಿಂಗ್ ಹೋಗುತ್ತವೆ.

ಬಿಜಾಪುರ ಬಿಸಿಲು (ವಿಜಯಪುರ)

ಕಾಕಾ ಹೇಳಿದ್ದು ಸರಿ. ನಮ್ಮೂರಿನ ಅನುಭವ ಒಂದು ಸೇರಿಸುತ್ತೇನೆ. ಇಲ್ಲಿ ಮೇ ತಿಂಗಳ ಮಧ್ಯಾಹ್ನ ಕಾರು ನಿಲ್ಲಿಸಿದ ಹತ್ತು ಹದಿನೈದು ನಿಮಿಷಕ್ಕೆ ಎರಡೂ ಕಾರ್ಬ್ಯುರೇಟರ್ ವಾಸನೆ ಹೊಡೆಯುತ್ತವೆ. ಎಂಜಿನ್ ನಿಂತರೆ ಗಾಳಿಯೂ ನಿಲ್ಲುತ್ತದೆ, ಮ್ಯಾನಿಫೋಲ್ಡಿನ ಕಾವು ಚೇಂಬರಿಗೆ ಏರಿ ಪೆಟ್ರೋಲ್ ಕುದಿಯುತ್ತದೆ. ಅದು ವಾಲ್ವಿನ ದೋಷ ಅಲ್ಲ. ಅಕ್ಕಾರೆ, ನಿಮ್ಮದು ತಣ್ಣಗಿರುವಾಗಲೂ ಹನಿಯುತ್ತದೆ, ಅದೂ ಒಂದೇ ಕಡೆ. ಹಾಗಾಗಿ ನಿಮ್ಮದು ಇದಲ್ಲ. ಆದರೂ ಕಾವು ತಡೆಯುವ ತಗಡು, ಹೀಟ್ ಶೀಲ್ಡ್, ಜಾಗದಲ್ಲಿದೆಯಾ ನೋಡಿ. ಎಷ್ಟೋ ಕಾರುಗಳಲ್ಲಿ ಯಾರೋ ಬಿಚ್ಚಿದವರು ವಾಪಸ್ ಹಾಕಿರುವುದಿಲ್ಲ.

ಮತ್ತೆ ರಬ್ಬರ್ ಪೈಪು. ಈಗ ಬರುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇದೆ. 1965ರ ರಬ್ಬರು ಅದಕ್ಕೆಂದು ಮಾಡಿದ್ದಲ್ಲ. ಮೇಲೆ ಬಟ್ಟೆ ಹೊದಿಕೆ ಇರುವ ಹಳೆ ಪೈಪು ಹೊರಗಿನಿಂದ ಚೆನ್ನಾಗೇ ಕಾಣುತ್ತದೆ, ಬಗ್ಗಿಸಿದರೆ ಒಳಗೆ ಬಿರುಕು. ಆ ಚೂರುಗಳೇ ನೀಡಲ್ ಸೀಟಿನ ಮೇಲೆ ಹೋಗಿ ಕೂರುತ್ತವೆ. ಮೇಲೆ ಆರ್9 ಅಂತ ಅಚ್ಚಾಗಿರುವ ಪೆಟ್ರೋಲ್ ಪೈಪು ತಗೊಳ್ಳಿ. ಕಾರ್ಬ್ಯುರೇಟರಿಗೆ ಮುಂಚೆ ಫಿಲ್ಟರ್ ಒಂದಿರಲಿ.

ಪಂಪಿಗೆ ಒತ್ತಡ ತಗ್ಗಿಸುವ ಪ್ರೆಷರ್ ರೆಗ್ಯುಲೇಟರ್ ಹಾಕಿದರೂ ಆಗುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಕೆಂಪು ಎಂಜಿಬಿ

ಎಲ್ಲರಿಗೂ ಧನ್ಯವಾದ. ಕಾಕಾ ಹೇಳಿದ ಹಾಗೇ ಮಾಡಿದೆ.

ನೀಡಲ್ ಅದಲು ಬದಲು ಮಾಡಿದ ಮೇಲೆ ಹಿಂದಿನದು ಹನಿಯುವುದು ನಿಂತಿತು, ಮುಂದಿನದು ಶುರು ಮಾಡಿತು. ಆ ನೀಡಲ್ಲನ್ನು ಅಪ್ಪನ ಭೂತಗನ್ನಡಿಯಲ್ಲಿ ನೋಡಿದೆ. ಚೂಪಾದ ತುದಿಯ ಸುತ್ತ ಉಂಗುರದಂಥ ಗೆರೆ, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಚೆನ್ನಾಗಿರುವ ನೀಡಲ್ಲಿನ ತುದಿ ನಯವಾಗಿದೆ. ಫ್ಲೋಟ್ ಎರಡೂ ಸರಿ ಇವೆ, ಸಂದೂ ಸರಿ ಇದೆ. ಉದ್ಯಮಬಾಗದಿಂದ ಕಾಕಾ ಗೇಜು ಕಳಿಸಿಕೊಟ್ಟರು. ಒತ್ತಡ ಐದರ ಮೇಲಿದೆ.

ತಳದ ನಟ್ಟು ಬಿಚ್ಚಿದರೆ ಗ್ಲಾಂಡ್ ಕೈಯಲ್ಲೇ ಪುಡಿಯಾಯಿತು. ಪೈಪಿನ ತುದಿ ಒಂದು ಕಡೆ ಚಪ್ಪಟೆಯಾಗಿ ಸಣ್ಣ ಸೀಳು ಬಿಟ್ಟಿದೆ. ಆಯಿಲ್ ಮೂಸಿದೆ, ಪೆಟ್ರೋಲ್ ವಾಸನೆ ಇದೆ. ಬಸಿದು ಹಾಕಿದೆ. ಹೀಟ್ ಶೀಲ್ಡ್ ಜಾಗದಲ್ಲೇ ಇದೆ.

ಹಿಂದಿನ ಜೆಟ್, ಎರಡು ನೀಡಲ್ ವಾಲ್ವ್, ಮುಚ್ಚಳದ ಗ್ಯಾಸ್ಕೆಟ್ ಎಲ್ಲ ತರಿಸುತ್ತಿದ್ದೇನೆ. ಎರಡು ಪ್ರಶ್ನೆ ಉಳಿದಿವೆ. ರೆಗ್ಯುಲೇಟರ್ ಹಾಕಲೋ, ಹಳೆ ಎಸ್‌ಯು ಪಂಪನ್ನೇ ರಿಪೇರಿ ಮಾಡಿಸಲೋ? ಹೊಸ ಜೆಟ್ ಹಾಕಿದರೆ ಅಪ್ಪ ಮಾಡಿಟ್ಟ ಟ್ಯೂನಿಂಗ್ ಹೋಗುತ್ತದಾ? ಈ ಎರಡನೆಯದು ನನಗೆ ತುಂಬ ಮುಖ್ಯ.

ಹಳೇ ಟರ್ನರ್

ಹಳೆ ಪಂಪು ಎಸೆದಿಲ್ಲ ತಾನೇ? ತಗೊಂಡು ಬಾ. ಅವುಗಳಲ್ಲಿ ಸಾಮಾನ್ಯವಾಗಿ ಒಳಗೆ ಕರೆಂಟು ಕೂಡಿಸಿ ಬಿಡಿಸುವ ಪಾಯಿಂಟುಗಳು ಸುಟ್ಟಿರುತ್ತವೆ, ಇಲ್ಲವೇ ಪೆಟ್ರೋಲ್ ತಳ್ಳುವ ಪರದೆ (ಡಯಾಫ್ರಾಮ್) ಗಟ್ಟಿಯಾಗಿರುತ್ತದೆ. ಎರಡೂ ಬದಲಾಯಿಸಬಹುದು. ವಿಜಯಪುರದ ತಮ್ಮ ಹೇಳಿದ ರೆಗ್ಯುಲೇಟರ್ ತಪ್ಪಲ್ಲ, ಆದರೆ ಅದು ಇನ್ನೆರಡು ಜೋಡಣೆ, ಅಂದರೆ ಸೋರಲು ಇನ್ನೆರಡು ಜಾಗ. ಎಸ್‌ಯು ಪಂಪಿನಲ್ಲಿ ಇನ್ನೊಂದು ಗುಣ ಇದೆ. ಚೇಂಬರ್ ತುಂಬಿದ ಮೇಲೆ ಅದು ಟಕ್ ಅನ್ನೋದನ್ನೇ ನಿಲ್ಲಿಸುತ್ತದೆ. ಎಂಜಿನ್ ಆಫ್ ಇದ್ದು ಕೀ ಆನ್ ಇದ್ದಾಗ ಅದು ಬಿಟ್ಟುಬಿಟ್ಟು ಬಡಿಯಿತು ಅಂದರೆ ಎಲ್ಲೋ ಸೋರುತ್ತಿದೆ ಅಂತ ಡ್ರೈವರ್ ಸೀಟಿನಲ್ಲೇ ಗೊತ್ತಾಗುತ್ತದೆ.

ಅಪ್ಪನ ಟ್ಯೂನಿಂಗ್ ಬಗ್ಗೆ. ಜೆಟ್ ಕೆಳಗಿನಿಂದ ಜಾರಿ ಹೊರಗೆ ಬರುತ್ತದೆ. ಚೋಕಿನ ಕೊಂಡಿ ಬಿಚ್ಚಿದರೆ ಸಾಕು. ಜೆಟ್ಟಿನ ಸುತ್ತ ಎರಡು ನಟ್ಟು ಇವೆ. ಕೆಳಗಿನದು ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಮಿಶ್ರಣ) ಹೊಂದಿಸುವುದು, ಮೇಲಿನದು ಜೆಟ್ಟನ್ನು ನಟ್ಟನಡುವೆ ಹಿಡಿಯುವುದು. ಎರಡನ್ನೂ ತಿರುಗಿಸಬೇಡ, ಅಪ್ಪ ಇಟ್ಟಲ್ಲೇ ಇರಲಿ. ಹೊಸ ಜೆಟ್ ಹಾಕಿದ ಮೇಲೆ ಕಾರ್ಬ್ಯುರೇಟರಿನ ಪಿಸ್ಟನ್ ಬೆರಳಿನಿಂದ ಎತ್ತಿ ಬಿಡು. ಟಕ್ ಅಂತ ಸ್ಪಷ್ಟವಾಗಿ ಕೂತರೆ ಜೆಟ್ ನಡುವೆಯೇ ಇದೆ. ತಡವರಿಸಿದರೆ ಮಾತ್ರ ನನಗೆ ಫೋಟೋ ಕಳಿಸು, ಆಗ ಮುಂದಿನದು ನೋಡೋಣ.

ಮುಂದಿನ ಕಾರ್ಬ್ಯುರೇಟರಿನ ಗ್ಲಾಂಡೂ ಅದೇ ವಯಸ್ಸಿನದು, ಅದಕ್ಕೂ ಹೊಸದು ತರಿಸು. ನಟ್ಟು ಬೆರಳಿನಲ್ಲಿ ಪೂರ್ತಿ ತಿರುಗಿಸಿ, ಆಮೇಲೆ ಪಾನಾದಿಂದ ಸ್ವಲ್ಪವೇ. ಎಲ್ಲ ಕೂಡಿಸಿದ ಮೇಲೆ ಎರಡೂ ಚೇಂಬರಿನ ತಳಕ್ಕೆ ಟಾಲ್ಕಂ ಪೌಡರ್ ಉದುರಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಹತ್ತು ನಿಮಿಷ ಕೀ ಆನ್ ಇಡು. ಪಾಯಿಂಟ್ ಇರುವ ಇಗ್ನಿಷನ್ ಕಾಯಿಲ್ ಕಾಯುತ್ತದೆ, ಅದರ ವೈರು ಮೊದಲು ತೆಗೆದಿಡು. ಪೌಡರ್ ಎಲ್ಲೂ ಕಪ್ಪಾಗದಿದ್ದರೆ ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಬಹುದು.