ನೇಮಕಾತಿಗೆ ಡಾರ್ಕ್ ಟ್ರಯಾಡ್ ಪರೀಕ್ಷೆ: ಕಟ್‌ಆಫ್ ಎಷ್ಟಿಡಬೇಕು?

ನೇಮಕಾತಿ_ತುಮಕೂರು:
ಸೇಲ್ಸ್ ತಂಡಕ್ಕೆ 60 ಜನ ಬೇಕು. 'ಡಾರ್ಕ್ ಟ್ರಯಾಡ್' ಅನ್ನುವ ಮೂರು ಗುಣಗಳನ್ನು, ಅಂದರೆ ಆತ್ಮರತಿ (ನಾರ್ಸಿಸಿಸಂ), ಕುತಂತ್ರ, ನಿರ್ದಯತೆ (ಸೈಕೋಪತಿ) ಮೂರನ್ನೂ ಅಳೆಯುವ ಎಸ್‌ಡಿ3 ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಸರಾಸರಿ 3.5 ದಾಟಿದವರನ್ನು ಕೈಬಿಡುವ ಯೋಚನೆಯಿದೆ. ಈ ಗೆರೆ ಸರಿಯೇ? ಅಥವಾ 12 ಪ್ರಶ್ನೆಗಳ 'ಡರ್ಟಿ ಡಜನ್' ಸಾಕೇ?

ಅಳತೆಗೋಲು:
ಎಸ್‌ಡಿ3ಗೆ ಕಟ್‌ಆಫ್ ಅನ್ನುವುದೇ ಇಲ್ಲ. ಮನೋವಿಜ್ಞಾನಿಗಳಾದ ಪೌಲಸ್ ಮತ್ತು ವಿಲಿಯಮ್ಸ್ 2002ರಲ್ಲಿ ಈ ಮೂರು ಗುಣಗಳನ್ನು ಒಟ್ಟಿಗೆ ನೋಡಿದ್ದು ಸಾಮಾನ್ಯ ಜನರಲ್ಲಿ. 2014ರಲ್ಲಿ ಜೋನ್ಸ್ ಮತ್ತು ಪೌಲಸ್ ಅವುಗಳ ಅಳತೆಯನ್ನು ಗುಣಕ್ಕೆ 9ರಂತೆ 27 ಹೇಳಿಕೆಗಳಿಗೆ ಇಳಿಸಿದರು, ಅದೇ ಈ ಪ್ರಶ್ನಾವಳಿ. ಪ್ರತಿ ಹೇಳಿಕೆಗೂ 1 (ಒಪ್ಪುವುದೇ ಇಲ್ಲ) ರಿಂದ 5 (ಪೂರ್ತಿ ಒಪ್ಪುತ್ತೇನೆ) ವರೆಗೆ ಅಂಕ ಹಾಕಬೇಕು. ಅದು ಸಂಶೋಧನೆಯ ಸಾಧನ, ಒಬ್ಬೊಬ್ಬರನ್ನು ಸೋಸುವ ಜರಡಿಯಲ್ಲ.

ದೊಡ್ಡ ತೊಡಕು ಬೇರೆಯೇ ಇದೆ. 'ಗುಟ್ಟು ಹೊರಗೆ ಹೇಳುವುದು ಜಾಣತನವಲ್ಲ' ಅನ್ನುವ ಅರ್ಥದ ಹೇಳಿಕೆ ಕುತಂತ್ರದ ಪಟ್ಟಿಯಲ್ಲಿದೆ. ಅದಕ್ಕೆ ಯಾವ ಅಜ್ಜಿಯಾದರೂ 5 ಕೊಟ್ಟಾಳು! ಪ್ರಾಮಾಣಿಕ ಅಭ್ಯರ್ಥಿಯೂ 4 ಹಾಕುತ್ತಾನೆ. ಕೆಲಸ ಬೇಕೆಂದು ಬಂದ ನಿಜವಾದ ಕಿಲಾಡಿ 1 ಹಾಕಿ ಪಾರಾಗುತ್ತಾನೆ. ಅಂದರೆ ನಿಮ್ಮ ಜರಡಿ ಕಾಳನ್ನು ಚೆಲ್ಲಿ ಜೊಳ್ಳನ್ನು ಉಳಿಸಿಕೊಳ್ಳುತ್ತದೆ.

ಅಧ್ಯಯನಕ್ಕೆ ಬಳಸುವುದಾದರೆ ಇನ್ನೊಂದು ಎಚ್ಚರ: ಆತ್ಮರತಿಯಲ್ಲಿ 3, ನಿರ್ದಯತೆಯಲ್ಲಿ 2 ಹೇಳಿಕೆಗಳು ತಿರುವುಮುರುವು, ಅಂದರೆ ಒಪ್ಪಿದಷ್ಟೂ ಆ ಗುಣ ಕಡಿಮೆ. ಅವುಗಳ ಅಂಕವನ್ನು 6ರಿಂದ ಕಳೆಯಬೇಕು. ಮರೆತರೆ ಸಂಕೋಚದವರೇ ಅಹಂಕಾರಿಗಳಾಗಿ ಕಾಣುತ್ತಾರೆ. ಮೂರೂ ಸರಾಸರಿಗಳನ್ನು ಒಂದು ಅಂಕೆಯಾಗಿ ಕೂಡಿಸಲೂಬೇಡಿ.

ಪದಕೋಶ_ಹುಬ್ಬಳ್ಳಿ:
ತರ್ಜುಮೆಯ ಬಗ್ಗೆ. 'ನಾನು ಸಾಮಾನ್ಯ ಮನುಷ್ಯ' ಅನ್ನುವುದು ಅಲ್ಲಿರುವ ತಿರುವುಮುರುವು ಹೇಳಿಕೆಗಳಲ್ಲೊಂದು. ನಮ್ಮಲ್ಲಿ ಅದನ್ನು ಒಪ್ಪುವುದು ಬರೀ ಮರ್ಯಾದೆ, 'ನಮ್ಮದೇನಿದೆ ಸ್ವಾಮಿ' ಅಂದ ಹಾಗೆ. ಮೇಲಾಗಿ 'ಆಸಾಮಿ ಸಾಮಾನ್ಯನಲ್ಲ' ಅಂದರೆ ಕಿಲಾಡಿ ಅನ್ನುವ ಧ್ವನಿಯೂ ಉಂಟು. ಪದ ಸರಿಯಾಗಿ ಕೂತರೂ ಅಳತೆ ಜಾರುತ್ತದೆ. ಕನಿಷ್ಠ ಇಬ್ಬರು ಬೇರೆಬೇರೆಯಾಗಿ ಅನುವಾದಿಸಬೇಕು, ಮೂಲ ನೋಡದ ಮೂರನೆಯವರು ಅದನ್ನು ಇಂಗ್ಲಿಷಿಗೆ ಮರಳಿಸಬೇಕು. ಆಮೇಲೆ ಐದಾರು ಜನರಿಗೆ ಓದಿಸಿ 'ನಿಮಗೇನು ಅರ್ಥವಾಯಿತು' ಎಂದು ಕೇಳಬೇಕು. ಇಷ್ಟಾದ ಮೇಲೇ ದೊಡ್ಡ ಗುಂಪಿನ ಮೇಲೆ ಪರೀಕ್ಷೆ.

ಸಂದರ್ಶಕ:
ಡರ್ಟಿ ಡಜನ್ ಇನ್ನೂ ತೆಳು. ಗುಣಕ್ಕೆ ನಾಲ್ಕೇ ಹೇಳಿಕೆ, ನಿರ್ದಯತೆಯ ಜೊತೆ ಬರುವ ದುಡುಕು ಅದರಲ್ಲಿ ಸರಿಯಾಗಿ ಸಿಗುವುದಿಲ್ಲ.

ಹಾಗೆಂದು ಬರೀ ಮಾತುಕತೆಯ ಸಂದರ್ಶನ ನಂಬಿದರೂ ಕೆಟ್ಟಿರಿ. 1998ರಲ್ಲಿ ಪೌಲಸ್ ಪ್ರಕಟಿಸಿದ ಅಧ್ಯಯನದಲ್ಲಿ ಸಣ್ಣ ಗುಂಪುಗಳು ಏಳು ಬಾರಿ ಸೇರಿದವು. ತಮ್ಮನ್ನು ತಾವೇ ಏರಿಸಿಕೊಳ್ಳುವವರು ಮೊದಲ ಭೇಟಿಯಲ್ಲಿ ಎಲ್ಲರಿಗೂ ಮೆಚ್ಚುಗೆಯಾದರು, ಏಳನೆಯದರ ಹೊತ್ತಿಗೆ ಬೇಡವಾದರು. ಸಂದರ್ಶನವೆಂದರೆ ಬರೀ ಮೊದಲ ಭೇಟಿ ತಾನೇ?

ಎಲ್ಲರಿಗೂ ಅದೇ ಐದಾರು ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿ. 'ಕೈತಪ್ಪಿದ ಒಂದು ವ್ಯಾಪಾರದ ಬಗ್ಗೆ ಹೇಳಿ, ಅದರಲ್ಲಿ ನಿಮ್ಮ ತಪ್ಪೇನು?' ಅನ್ನುವಂಥವು. ಯಾವ ಉತ್ತರಕ್ಕೆ 1, ಯಾವುದಕ್ಕೆ 5 ಎಂದು ಮೊದಲೇ ಬರೆದಿಡಿ. ಇಬ್ಬರು ಸಂದರ್ಶಕರು ಪರಸ್ಪರ ಮಾತಾಡುವ ಮುಂಚೆಯೇ ಅಂಕ ಹಾಕಲಿ. ಹಿಂದಿನ ಮೇಲಧಿಕಾರಿಯನ್ನಷ್ಟೇ ಅಲ್ಲ, ಕೈಕೆಳಗೆ ದುಡಿದವರನ್ನೂ ವಿಚಾರಿಸಿ. ಮೇಲಿನವರ ಮುಂದೆ ಬೆಣ್ಣೆ, ಕೆಳಗಿನವರಿಗೆ ಬೆಂಕಿ ಆಗಿರುವವರು ಅಲ್ಲಿ ಸಿಕ್ಕಿಬೀಳುತ್ತಾರೆ. ಉತ್ತರದಲ್ಲಿ 'ನಾನು' ಎಷ್ಟು ಸಲ ಬಂತೆಂದೂ ಗಮನಿಸಬಹುದು.

ಅಳತೆಗೋಲು:
ಕೊನೆಯ ಮಾತು ಬಿಟ್ಟು ಮಿಕ್ಕಿದ್ದೆಲ್ಲ ಸರಿ. 'ನಾನು' ಎಣಿಸುವುದು ಹಳೆಯ ನಂಬಿಕೆ. 2015ರಲ್ಲಿ 4,800ಕ್ಕೂ ಹೆಚ್ಚು ಜನರ ಮಾತು, ಬರಹ ನೋಡಿದಾಗ ಆತ್ಮರತಿಗೂ ಅದಕ್ಕೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ. ಕನ್ನಡದಲ್ಲಂತೂ 'ಮಾಡಿದೆ', 'ಹೋದೆ' ಅಂದರೇ ಸಾಕು, 'ನಾನು' ಬೇಕಾಗುವುದೇ ಇಲ್ಲ.

ನೇಮಕಾತಿ_ತುಮಕೂರು:
ಪರೀಕ್ಷೆ ಕೈಬಿಟ್ಟೆ. ಈಗಾಗಲೇ ಕೆಲಸದಲ್ಲಿರುವವರ ಕಡತದಲ್ಲಿ 'ನಾರ್ಸಿಸಿಸ್ಟ್' ಎಂದು ಬರೆಯಬಹುದೇ?

ಸಂದರ್ಶಕ:
ಬೇಡ. ಡಿಎಸ್‌ಎಂ-5 (ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ) ಪ್ರಕಾರ ಅದು ರೋಗನಿರ್ಣಯ: 9 ಲಕ್ಷಣಗಳಲ್ಲಿ ಕನಿಷ್ಠ 5, ಅದೂ ಯೌವನದಿಂದಲೇ ಬೇರೂರಿ ಬದುಕನ್ನು ಕೆಡಿಸುವಂತಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಪಟ್ಟಿಯಾದ ಐಸಿಡಿ-11 ಆ ಹೆಸರಿನ ಪ್ರತ್ಯೇಕ ಕಾಯಿಲೆಯನ್ನೇ ಇಟ್ಟುಕೊಂಡಿಲ್ಲ, ವ್ಯಕ್ತಿತ್ವದ ತೊಂದರೆಯ ತೀವ್ರತೆಯನ್ನು ನೋಡುತ್ತದೆ. ಅದನ್ನು ಹೇಳಬೇಕಾದವರು ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್. ನೀವು ನಡೆದದ್ದನ್ನಷ್ಟೇ ಬರೆಯಿರಿ: ಯಾವ ದಿನ, ಯಾರ ಆರ್ಡರನ್ನು ತನ್ನ ಹೆಸರಿಗೆ ಹಾಕಿಕೊಂಡರು, ಯಾವ ಇಮೇಲ್ ಅದಕ್ಕೆ ಸಾಕ್ಷಿ. ಬೋನಸ್ ಪೂರ್ತಿ ವೈಯಕ್ತಿಕ ಮಾರಾಟದ ಮೇಲೇ ನಿಂತಿದ್ದರೆ ಅದನ್ನೂ ಒಮ್ಮೆ ನೋಡಿ. ಪಕ್ಕದವರ ಆರ್ಡರ್ ಕಸಿದುಕೊಂಡರೆ ನಿಮ್ಮಲ್ಲಿ ದುಡ್ಡು ಸಿಗುತ್ತದೆಯೇ?