ಸೆಂಟರ್‌ಗೆ ಎಷ್ಟು ಮಾರ್ಕ್ಸ್?

ವಾಟ್ಸಾಪ್ ಗುಂಪು: ನಮ್ಮ ಮನೆ
2024 ಜನವರಿ 1, ಸೋಮವಾರ ರಾತ್ರಿ (ಮಿಷಿಗನ್ ಸಮಯ)

ಪುಟ್ಟ, 9:22
ಗೆದ್ದೆವು!!! ರೋಸ್ ಬೌಲ್ ಪಂದ್ಯದಲ್ಲಿ ನಮ್ಮ ಮಿಷಿಗನ್ ಅಲಬಾಮಾವನ್ನು ಸೋಲಿಸಿತು, 27-20! ಓವರ್‌ಟೈಮ್‌ನಲ್ಲಿ! ಅಪ್ಪ, ನೋಡಿದ್ರಾ? ಇಲ್ಲಿ ಆ್ಯನ್ ಆರ್ಬರ್‌ನಲ್ಲಿ ಎಲ್ಲರೂ ರಸ್ತೆಗೆ ಇಳಿದಿದ್ದಾರೆ. ನನ್ನ ಗಂಟಲು ಕಟ್ಟಿಹೋಗಿದೆ.

ಪುಟ್ಟ, 9:31
[ಚಿತ್ರ]
ನನ್ನ ರೂಂಮೇಟ್ ಮಾಡಿದ ಮಾರ್ಕ್ಸ್ ಕಾರ್ಡ್. ಎರಡೂ ತಂಡದವರಿಗೂ ಇದೆ. ಮೆಕಾರ್ಥಿ ಎ ಪ್ಲಸ್, ಕೋರಮ್ ಎ ಪ್ಲಸ್, ರೋಮನ್ ವಿಲ್ಸನ್ ಎ. ನಮ್ಮ ಸೆಮಾಜ್ ಮಾರ್ಗನ್‌ಗೆ ಎಫ್. ಅಲಬಾಮಾದ ಮಿಲ್ರೋಗೆ ಸಿ, ಸೆಂಟರ್ ಮೆಕ್ಲಾಫ್ಲಿನ್‌ಗೆ ಎಫ್ ಮೈನಸ್.

ಭಾವ, 9:34
ಎಫ್ ಮೈನಸ್ ಕೂಡ ಜಾಸ್ತಿಯಾಯಿತು. ಇಷ್ಟು ವರ್ಷ ಇಲ್ಲೇ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಕೂತು ಅಲಬಾಮಾ ಆಟ ನೋಡಿದ್ದೇನೆ. ಇಂಥ ಸ್ನ್ಯಾಪ್‌ಗಳನ್ನು ನೋಡಿಲ್ಲ. ಚೆಂಡು ಎತ್ತಿ ಹಿಂದಕ್ಕೆ ಕೊಡುವುದು, ಅವನ ಕೆಲಸ ಅಷ್ಟೇ. ಅದೂ ಆಗದಿದ್ದರೆ ಇನ್ನೇನು ಆಗುತ್ತದೆ?

ಅಮ್ಮ, 9:40
ಯಾರು ಫೇಲ್ ಆಗಿದ್ದು? ಪುಟ್ಟನ ರಿಸಲ್ಟ್ ಬಂತಾ?

ಅಕ್ಕ, 9:41
ಇಲ್ಲಮ್ಮ, ಪುಟ್ಟ ಪಾಸು. ಇವರು ಅಮೆರಿಕನ್ ಫುಟ್‌ಬಾಲ್ ವಿಷಯ ಮಾತಾಡುತ್ತಿದ್ದಾರೆ. ಪುಟ್ಟನ ಕಾಲೇಜು ನಮ್ಮ ರಾಜ್ಯದ ಕಾಲೇಜನ್ನು ಸೋಲಿಸಿದೆ. ನಿಮ್ಮ ಅಳಿಯ ಊಟ ಬಿಟ್ಟು ಕೂತಿದ್ದಾರೆ.

ನಾನು, 9:52
ಭಾವ, ನಾನು ಮಿಷಿಗನ್ ಕಡೆಯವನು. ಗೆದ್ದ ಖುಷಿಯಲ್ಲಿ ನಿಮ್ಮ ಗಾಯಕ್ಕೆ ಉಪ್ಪು ಸವರುತ್ತಿದ್ದೇನೆ ಅಂದುಕೊಳ್ಳಬೇಡಿ. ಆದರೆ "ಚೆಂಡು ಎತ್ತಿ ಹಿಂದಕ್ಕೆ ಕೊಡುವುದು ಅಷ್ಟೇ" ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಚಿಕ್ಕಪ್ಪ, ಅಮ್ಮ ಇಬ್ಬರಿಗೂ ತಿಳಿಯಲಿ ಅಂತ ಬಿಡಿಸಿ ಹೇಳುತ್ತೇನೆ. ಸೆಂಟರ್ ಅಂದರೆ ಸಾಲಿನ ನಡುವೆ ಬಗ್ಗಿ ನಿಲ್ಲುವ ಆಟಗಾರ. ನೆಲದ ಮೇಲಿರುವ ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಕ್ಕೆ ಎಸೆಯುತ್ತಾನೆ, ಅದೇ ಸ್ನ್ಯಾಪ್. ನಾಲ್ಕೈದು ಗಜ ಹಿಂದೆ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ (ಅವರಲ್ಲಿ ಮಿಲ್ರೋ, ನಮ್ಮಲ್ಲಿ ಮೆಕಾರ್ಥಿ) ನಿಂತಿರುತ್ತಾನೆ. ಚೆಂಡು ಅವನ ಎದೆಯ ಮಟ್ಟಕ್ಕೆ ಹೋಗಬೇಕು. ಎಸೆಯುವವನು ಹಿಂದೆ ನೋಡುವ ಹಾಗಿಲ್ಲ, ಎದುರಿಗೆ ನೋಡಬೇಕು. ಯಾಕೆಂದರೆ ಎದುರಿಗೆ 300 ಪೌಂಡ್‌ಗಿಂತ ಜಾಸ್ತಿ ತೂಕದವನು ಮೈಮೇಲೆ ಬೀಳಲು ಕಾದಿರುತ್ತಾನೆ. ಇವತ್ತು ನಮ್ಮ ಮೇಸನ್ ಗ್ರಹಮ್, ಕೆನೆತ್ ಗ್ರಾಂಟ್ ಇದ್ದರು. ಚೆಂಡು ಕೈ ಬಿಟ್ಟ ಮರುಕ್ಷಣವೇ ಅವರನ್ನು ತಡೆಯಬೇಕು. ಇಡೀ ಆಟದಲ್ಲಿ ಅರವತ್ತಕ್ಕೂ ಜಾಸ್ತಿ ಸಲ ಇದನ್ನು ಮಾಡಬೇಕು. ಸರಿಯಾಗಿ ಹೋದ ಸ್ನ್ಯಾಪ್ ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಿದ್ದು ಮಾತ್ರ ಕಾಣುತ್ತದೆ.

ಭಾವ, 9:55
ನಾನು ಆಟ ನೋಡದವನಲ್ಲ. ಆಟದುದ್ದಕ್ಕೂ ಒಂದು ಸ್ನ್ಯಾಪ್ ಆ ಕಡೆ, ಒಂದು ಈ ಕಡೆ. ಕೊನೆಯಲ್ಲಿ ಫೋರ್ತ್ ಡೌನ್, ಅಂದರೆ ಕೊನೆಯ ಅವಕಾಶ, 3 ಗಜ ಬೇಕು. ಇಡೀ ವರ್ಷದ ಆಟ ಆ ಒಂದು ಸ್ನ್ಯಾಪ್‌ನಲ್ಲಿತ್ತು. ಅದೂ ಕೆಳಗೆ ಹೋಯಿತು. ಮಿಲ್ರೋ ಬಗ್ಗಿ ಚೆಂಡು ಹಿಡಿಯುವಷ್ಟರಲ್ಲಿ ದಾರಿ ಮುಚ್ಚಿತ್ತು. ಇದಕ್ಕೆ ಎಫ್ ಕೊಡದೆ ಇನ್ನೇನು ಕೊಡುವುದು, ಹೇಳು?

ನಾನು, 10:03
ಆ ಸ್ನ್ಯಾಪ್ ಕೆಟ್ಟದ್ದೇ. ಅದರಲ್ಲಿ ನನ್ನ ವಾದವೇ ಇಲ್ಲ. ಆದರೆ ಆ ಕೊನೆಯ ಪ್ರಯತ್ನದಲ್ಲಿ ಇನ್ನೂ ಯಾರ್ಯಾರು ಇದ್ದರು, ನೋಡಿ. ನಡುವಿನಿಂದ ಓಡುವ ಆಟ ಆರಿಸಿದ್ದು ಕೋಚ್‌ಗಳು. ನಮ್ಮ ಜೊಸಾಯಾ ಸ್ಟೀವರ್ಟ್, ಡೆರಿಕ್ ಮೂರ್ ನಿಮ್ಮ ಸಾಲನ್ನೇ ಹಿಂದಕ್ಕೆ ತಳ್ಳಿಬಿಟ್ಟರು. ಸ್ನ್ಯಾಪ್ ಎದೆಗೆ ಬಂದಿದ್ದರೂ ಮಿಲ್ರೋ ಆ 3 ಗಜ ದಾಟುತ್ತಿದ್ದನೇ? ನನಗೆ ಅನುಮಾನ. ಕಾರ್ಡ್‌ನಲ್ಲಿ ಕೋಚ್‌ಗೆ ಒಂದು ಸಾಲೂ ಇಲ್ಲ. ಸ್ಟೀವರ್ಟ್ ಹೆಸರೂ ಇಲ್ಲ.

ಆರು ಸಲ ಮಿಲ್ರೋ ಸ್ಯಾಕ್ ಆದ, ಅಂದರೆ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವಿದರು. ಅದರಲ್ಲಿ ಚೆಂಡು ಕೈಯಲ್ಲಿಟ್ಟುಕೊಂಡು ಜಾಸ್ತಿ ಹೊತ್ತು ನಿಂತಿದ್ದು ಎಷ್ಟು ಸಲ? ಅಂಚಿನಲ್ಲಿ ನಿಂತ ಟ್ಯಾಕಲ್‌ಗಳು ಸೋತಿದ್ದು ಎಷ್ಟು ಸಲ? ಎಲ್ಲ ಒಟ್ಟು ಮಾಡಿ ಒಬ್ಬನ ತಲೆಗೆ ಕಟ್ಟಬೇಡಿ.

ಪುಟ್ಟ, 10:06
ಅಪ್ಪ, ಅದು ಸುಮ್ನೆ ಮಾಡಿದ ಕಾರ್ಡ್. ಇಷ್ಟು ಸೀರಿಯಸ್ ಆಗಬೇಡಿ.

ನಾನು, 10:19
ಸುಮ್ನೆ ಮಾಡಿದ್ದರೂ ನೂರಾರು ಜನ ನೋಡುತ್ತಾರೆ ಪುಟ್ಟ. ನಿಮ್ಮ ಕಾಲೇಜಿನವರ ಮಾರ್ಕ್ಸ್‌ನಲ್ಲೂ ನನಗೆ ತಕರಾರಿದೆ. ಪಂದ್ಯದ ಶುರು ನೆನಪಿದೆಯಾ? ಮೆಕಾರ್ಥಿ ಎಸೆದ ಮೊದಲ ಚೆಂಡೇ ಅಲಬಾಮಾದ ಕೇಲೆಬ್ ಡೌನ್ಸ್ ಕೈಗೆ ಹೋಯಿತು. ರೀಪ್ಲೇ ನೋಡಿದಾಗ ಡೌನ್ಸ್ ಕಾಲು ಗೆರೆಯಿಂದ ಆಚೆ ಇತ್ತು. ಹಾಗಾಗಿ ರದ್ದಾಯಿತು. ನಾವು ಉಸಿರು ಬಿಟ್ಟೆವು. ಮೆಕಾರ್ಥಿ ಕೊನೆಗೆ 27ರಲ್ಲಿ 17 ಪಾಸ್ ನಮ್ಮವರ ಕೈಗೆ, 221 ಗಜ, 3 ಟಚ್‌ಡೌನ್ (ಗೋಲ್ ಗೆರೆ ದಾಟಿದ್ದು). ಇಂಟರ್‌ಸೆಪ್ಷನ್, ಅಂದರೆ ಎದುರಾಳಿ ಕೈಗೆ ಹೋಗಿದ್ದು, ಸೊನ್ನೆ. ಆ ಸೊನ್ನೆ ಅವನು ಗಳಿಸಿದ್ದೋ ಅಥವಾ ಡೌನ್ಸ್ ಕಾಲು ಕೊಟ್ಟಿದ್ದೋ?

ಆಟಗಾರರಿಗೆ ಅಂಕ ಕೊಡುವ ಪಿಎಫ್‌ಎಫ್ ಸಂಸ್ಥೆಯವರು ಪ್ರತಿ ಸ್ನ್ಯಾಪ್‌ನಲ್ಲೂ ಪ್ರತಿಯೊಬ್ಬನ ಆಟಕ್ಕೆ ಮೈನಸ್ 2ರಿಂದ ಪ್ಲಸ್ 2ರವರೆಗೆ ಅಂಕ ಕೊಡುತ್ತಾರೆ. ಎಸೆದಿದ್ದು ಹೇಗಿತ್ತು ಅಂತ ನೋಡುತ್ತಾರೆ, ಆಮೇಲೆ ಚೆಂಡು ಎಲ್ಲಿ ಬಿತ್ತು ಅಂತಲ್ಲ. ಅವರ ಅಂಕ ಎಲ್ಲವೂ ಸರಿ ಅಂತ ನಾನು ಹೇಳುವುದಿಲ್ಲ. ಒಳಗಿನ ಪ್ಲಾನ್ ಏನಿತ್ತು ಅಂತ ಹೊರಗೆ ಕೂತವರಿಗೆ ಪೂರ್ತಿ ಗೊತ್ತಾಗುವುದಿಲ್ಲ. ಆದರೆ ನೋಡುವ ಕ್ರಮ ಅದೇ ಇರಬೇಕು.

ಮಾರ್ಗನ್ ವಿಷಯಕ್ಕೆ ಬಾ. ಅವನು ಮೊದಲ ವರ್ಷದ ಹುಡುಗ. ಪಂಟ್, ಅಂದರೆ ಅವರು ದೂರಕ್ಕೆ ಒದ್ದ ಚೆಂಡು, ಹಿಡಿಯುವಾಗ ಜಾರಿತು, ಅಲಬಾಮಾ ಎತ್ತಿಕೊಂಡಿತು, ಟಚ್‌ಡೌನ್ ಆಯಿತು. ನಿನ್ನ ಕಾರ್ಡ್‌ನಲ್ಲಿ ಎಫ್. ಸರಿ. ಇನ್ನೊಂದು ನಿಮಿಷವೂ ಉಳಿದಿರಲಿಲ್ಲ, 20-20 ಆಗಿತ್ತು. ಆಗ ಜೇಕ್ ಥಾ ಕೈಯಿಂದಲೂ ಪಂಟ್ ಜಾರಿತು, ನಮ್ಮದೇ ಗೋಲ್ ಗೆರೆಯ ಹತ್ತಿರ. ಅವನೇ ಅದರ ಮೇಲೆ ಬಿದ್ದು ಹಿಡಿದುಕೊಂಡ. ಒಂದು ಗಜದ ಗೆರೆಯಲ್ಲಿ ಉಳಿದುಕೊಂಡೆವು. ಅಲ್ಲಿ ಅಲಬಾಮಾದವನ ಕೈ ಮೊದಲು ತಲುಪಿದ್ದರೆ ನಾವು ಈಗ ಅಳುತ್ತಿದ್ದೆವು. ಎರಡೂ ಒಂದೇ ತಪ್ಪು. ಥಾ ಮಾಡಿದ್ದು ಇನ್ನೂ ಅಪಾಯದ ಜಾಗದಲ್ಲಿ. ಅವನ ಹೆಸರೇ ಕಾರ್ಡ್‌ನಲ್ಲಿಲ್ಲ. ಯಾಕೆ? ನಾವು ಗೆದ್ದುಬಿಟ್ಟೆವು, ಮರೆತುಬಿಟ್ಟೆವು.

ಪುಟ್ಟ, 10:23
ಅದು ನಿಜ. ಥಾ ಬಿಟ್ಟುಹೋಗಿದ್ದು ಗಮನಿಸಿಯೇ ಇರಲಿಲ್ಲ. ಕೋರಮ್ ಎ ಪ್ಲಸ್ ಆದರೂ ಒಪ್ಪುತ್ತೀರಾ?

ನಾನು, 10:24
ಕೋರಮ್‌ಗೆ ನೀನು ಎಷ್ಟು ಕೊಟ್ಟರೂ ಒಪ್ಪುತ್ತೇನೆ. 19 ಓಟಕ್ಕೆ 83 ಗಜ. ಆ ಕೊನೆಯ 17 ಗಜದ ಓಟ ಇನ್ನೂ ಕಣ್ಣ ಮುಂದಿದೆ.

ಚಿಕ್ಕಪ್ಪ, 10:30
ಇಲ್ಲಿ ಮೈಸೂರಲ್ಲಿ ಬೆಳಗ್ಗೆ ಒಂಬತ್ತಾಯಿತು. ನಿಮ್ಮ ಆಟ ನನಗೆ ಪೂರ್ತಿ ಅರ್ಥ ಆಗುವುದಿಲ್ಲ. ಮಾರ್ಕ್ಸ್ ವಿಷಯ ಅರ್ಥವಾಗುತ್ತದೆ. 1983 ಜೂನ್ 18, ಟನ್‌ಬ್ರಿಜ್ ವೆಲ್ಸ್. ಎಲ್ಲರೂ ಹೇಳುವುದು ಕಪಿಲ್ ದೇವ್ 175. ಸ್ಕೋರ್ ಕಾರ್ಡ್‌ನಲ್ಲಿ ಕೆಳಗೆ ನೋಡಿ. ನಮ್ಮ ಕಿರ್ಮಾನಿ 24, ನಾಟೌಟ್. 140ಕ್ಕೆ 8 ಆಗಿದ್ದಾಗ ಬಂದವರು. ಒಂಬತ್ತನೇ ವಿಕೆಟ್‌ಗೆ 126 ಸೇರಿಸಿದರು, ಕೊನೆವರೆಗೂ ನಿಂತರು. ಆ 24ಕ್ಕೆ ನೀವು ಯಾವ ಗ್ರೇಡ್ ಕೊಡುತ್ತೀರಿ?

ಭಾವ, 10:34
ಚಿಕ್ಕಮಾವ, ಕಿರ್ಮಾನಿ ನಿಂತರು, ಕೆಲಸ ಮಾಡಿದರು. ಇವನು ಕೆಡಿಸಿದ. ಹೋಲಿಕೆ ಕೂಡುವುದಿಲ್ಲ.

ನಾನು, 10:35
ಅದು ಭಾವ ಹೇಳಿದ್ದು ಸರಿ ಚಿಕ್ಕಪ್ಪ. ಆದರೆ ಬರೀ ಅಂಕಿ ನೋಡಿದರೆ ಕೆಲಸ ಕಾಣುವುದಿಲ್ಲ ಅಂತ ನೀವು ಹೇಳಿದ್ದೂ ಸರಿ. ಸೆಂಟರ್‌ಗೆ ಆ 24 ಕೂಡ ಸಿಗುವುದಿಲ್ಲ. ಗಜ ಇಲ್ಲ, ಕ್ಯಾಚ್ ಇಲ್ಲ, ಏನೂ ಇಲ್ಲ.

ಭಾವ, 10:41
ಇರಲಿ. ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳುವವನಲ್ಲ. ಅವನ ಇನ್‌ಸ್ಟಾಗ್ರಾಂಗೇ ಹೋಗಿ ಬರೆದುಬಂದೆ. ಈ ಕಾರ್ಡನ್ನೂ ಹಾಕಿದೆ.

ನಾನು, 10:42
ಭಾವ, ಅದನ್ನು ಈಗಲೇ ತೆಗೆಯಿರಿ. ದಯವಿಟ್ಟು.

ಭಾವ, 10:44
ಯಾಕೆ ತೆಗೆಯಬೇಕು? 2021ರಿಂದ ಈ ಹುಡುಗರು ತಮ್ಮ ಹೆಸರಿನಲ್ಲಿ ಜಾಹೀರಾತು ಮಾಡಿ ದುಡ್ಡು ತೆಗೆದುಕೊಳ್ಳಬಹುದು. ದುಡ್ಡು ಬೇಕು, ಮಾತು ಬೇಡ ಅಂದರೆ ಹೇಗೆ?

ನಾನು, 10:51
ಮಾತು ಬೇಡ ಅಂತ ನಾನು ಹೇಳಿಲ್ಲ. ಇಲ್ಲಿ ಬೆಳಗಿನವರೆಗೂ ಮಾತಾಡೋಣ. ಅವನ ಸ್ನ್ಯಾಪ್ ಬಗ್ಗೆ, ಕಾಲಿನ ಬಗ್ಗೆ, ತಲೆ ಎಲ್ಲಿತ್ತು ಎಂಬುದರ ಬಗ್ಗೆ. ಅದು ಆಟದ ವಿಷಯ. ಅವನ ಪುಟಕ್ಕೆ ಹೋಗಿ ಬರೆಯುವುದು ಬೇರೆ. ಈ ಹೊತ್ತಿನಲ್ಲಿ ಅವನು ಲಾಕರ್ ರೂಮಿನಿಂದ ಹೊರಬಂದು ಬಸ್ಸಿನಲ್ಲಿ ಕೂತಿರಬಹುದು. ಫೋನ್ ತೆಗೆದರೆ ನಿಮ್ಮಂಥವರ ಸಾವಿರ ಮಾತು. ತಾನೇನು ಮಾಡಿದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನೂ ಪುಟ್ಟನ ಹಾಗೆ ಕಾಲೇಜು ಹುಡುಗ ಭಾವ. ಪುಟ್ಟ ಒಂದು ಪರೀಕ್ಷೆಯಲ್ಲಿ ಕೆಟ್ಟದಾಗಿ ಬರೆದರೆ ಅವನ ರೂಮಿನ ಬಾಗಿಲಿಗೆ ಯಾರಾದರೂ ಎಫ್ ಅಂಟಿಸಿದರೆ ನೀವು ಸುಮ್ಮನಿರುತ್ತಿದ್ದಿರಾ? ಮೊದಲು ಕಾರು ಹತ್ತಿ ಹೊರಡುವವರು ನೀವೇ.

ಭಾವ, 10:53
ಪುಟ್ಟನನ್ನು ಇದರಲ್ಲಿ ತರಬೇಡ.

ನಾನು, 10:53
ತರುತ್ತೇನೆ ಭಾವ.

ಅಕ್ಕ, 11:08
ತೆಗೆದಿದ್ದಾರೆ. ನನ್ನ ಕಣ್ಣ ಮುಂದೆಯೇ ತೆಗೆದರು. ಈಗ ಊಟಕ್ಕೆ ಕೂತಿದ್ದಾರೆ. ಯಾರೂ ಇನ್ನು ಮೆಸೇಜ್ ಹಾಕಬೇಡಿ.

2024 ಜನವರಿ 10

ಭಾವ, ಸಂಜೆ 5:40
ನಮ್ಮ ಕೋಚ್ ನಿಕ್ ಸೇಬನ್ ನಿವೃತ್ತಿ. 17 ಸೀಸನ್, ಅಲಬಾಮಾಗೆ 6 ಚಾಂಪಿಯನ್‌ಷಿಪ್. ಆ ರೋಸ್ ಬೌಲ್ ಅವರ ಕೊನೆಯ ಆಟ ಆಗಿಹೋಯಿತು. ಕೊನೆಯ ಆಟದ ಕೊನೆಯ ಸ್ನ್ಯಾಪ್ ಅದು.

ನಾನು, 5:47
ಬೇಜಾರಾಯಿತು ಭಾವ. ಫೋನ್ ಮಾಡುತ್ತೇನೆ.

2024 ಡಿಸೆಂಬರ್

ಭಾವ, ರಾತ್ರಿ 8:15
ರಿಮಿಂಗ್ಟನ್ ಟ್ರೋಫಿ ಯಾರಿಗೆ ಬಂದಿದೆ ನೋಡಿದಿರಾ? ದೇಶದ ಕಾಲೇಜು ಫುಟ್‌ಬಾಲ್‌ನಲ್ಲಿ ಈ ವರ್ಷದ ಅತ್ಯುತ್ತಮ ಸೆಂಟರ್. ಸೆತ್ ಮೆಕ್ಲಾಫ್ಲಿನ್.

ಪುಟ್ಟ, 8:17
ನೋಡಿದೆ ಮಾವ. ಅದೂ ನಮ್ಮ ಎದುರಾಳಿ ಓಹಾಯೊ ಸ್ಟೇಟ್‌ಗೆ ಹೋಗಿ! ಅವನು ಅಲ್ಲಿಗೆ ಸೇರಿದಾಗ ನಾವೆಲ್ಲ ಖುಷಿಪಟ್ಟಿದ್ದೆವು, ನಮ್ಮ ವಿರುದ್ಧವೂ ನೆಲಕ್ಕೇ ಸ್ನ್ಯಾಪ್ ಹಾಕುತ್ತಾನೆ ಅಂತ. ಹಾಗೆ ಅಂದಿದ್ದು ತಪ್ಪು.

ಭಾವ, 8:20
ನಾವು ಕಳಿಸಿಬಿಟ್ಟೆವು ಅನ್ನಿಸುತ್ತದೆ. ನಾನೂ ಸೇರಿ. ಆ ಕಾರ್ಡ್ ಇನ್ನೂ ಇದೆಯಾ ಪುಟ್ಟ?

ಪುಟ್ಟ, 8:21
ಗ್ರೂಪ್‌ನಲ್ಲೇ ಇದೆ ಮಾವ. ಎಫ್ ಮೈನಸ್ ತೆಗೆದು ಎ ಹಾಕಿಸಲಾ?

ನಾನು, 8:29
ಬೇಡ ಪುಟ್ಟ. ಆವತ್ತಿನ ಸ್ನ್ಯಾಪ್ ಆವತ್ತು ಕೆಳಗೇ ಹೋಗಿತ್ತು. ಈ ಟ್ರೋಫಿ ಬಂತು ಅಂತ ಅದು ಮೇಲಕ್ಕೆ ಬರುವುದಿಲ್ಲ. ಆ ಆಟದ ಸ್ನ್ಯಾಪ್‌ಗೆ ನಾನೂ ಫೇಲ್ ಅಂತಲೇ ಹಾಕುತ್ತೇನೆ. ಅದೇ ಹುಡುಗ ಒಂದು ವರ್ಷ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ಸರಿ ಮಾಡಿಕೊಂಡ. ಅದಕ್ಕೆ ಬೇರೆ ಕಾರ್ಡ್ ಮಾಡು. ಹಳೆಯದನ್ನು ಅಳಿಸಿದರೆ ಅವನು ಪಟ್ಟ ಕಷ್ಟವೂ ಅಳಿಸಿಹೋಗುತ್ತದೆ.

ಪುಟ್ಟ, 8:33
ನವೆಂಬರ್ 30ರಂದು ಕೊಲಂಬಸ್‌ನಲ್ಲಿ ನಾವು ಓಹಾಯೊ ಸ್ಟೇಟ್ ವಿರುದ್ಧ 13-10ರಲ್ಲಿ ಗೆದ್ದೆವಲ್ಲ, ಆವತ್ತು ಅವನು ಆಡಲೇ ಇಲ್ಲ. ಪ್ರಾಕ್ಟೀಸ್‌ನಲ್ಲಿ ಅಕಿಲಿಸ್ ಹರಿದಿತ್ತು. ಅವನಿದ್ದಿದ್ದರೆ?

ನಾನು, 8:35
ಒಬ್ಬನಿಂದ ಸೋತರು ಅನ್ನುವುದನ್ನು ಜನವರಿಯಲ್ಲಿ ಒಪ್ಪಲಿಲ್ಲ. ಒಬ್ಬನಿಲ್ಲದ್ದರಿಂದ ಸೋತರು ಅಂತ ಈಗಲೂ ಹೇಳಲಾರೆ. ಆದರೆ ಆವತ್ತು ಅವರ ಸಾಲಿನ ನಡುವಿನಲ್ಲಿ ನಮ್ಮ ಮೇಸನ್ ಗ್ರಹಮ್, ಕೆನೆತ್ ಗ್ರಾಂಟ್ ನುಗ್ಗಿದ ರೀತಿ ನೋಡಿದಾಗ ನನಗೂ ಅವನ ನೆನಪಾಗಿತ್ತು.

ಚಿಕ್ಕಪ್ಪ, 8:50
ಆ ಹುಡುಗನಿಗೆ ಏನು ಹರಿದಿದ್ದು?

ಅಕ್ಕ, 8:52
ಹಿಮ್ಮಡಿಯ ಮೇಲೆ ದಪ್ಪ ಹುರಿಯ ಹಾಗೆ ಕೈಗೆ ಸಿಗುತ್ತದಲ್ಲ ಚಿಕ್ಕಪ್ಪ, ಅದು. ನಮ್ಮ ಫಿಸಿಯೊ ಕ್ಲಿನಿಕ್‌ಗೆ ಬರುವವರಲ್ಲಿ ನೋಡುತ್ತೇನೆ. ಮತ್ತೆ ಮೊದಲಿನ ಹಾಗೆ ಆಡಲು ಸಾಮಾನ್ಯವಾಗಿ ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು.

ಭಾವ, 8:58
ಅವನ ಪುಟಕ್ಕೆ ಹೋಗಿ ಬೇಗ ವಾಸಿಯಾಗಲಿ ಅಂತ ಬರೆದೆ. ಇದನ್ನು ತೆಗೆಯುವುದಿಲ್ಲ.