ಸಹಾಯ ಬೇಕು: ಚರಂಡಿಗೆ ಇಳಿದ ಗ್ಯಾಸ್‌ಗೆ ನೀರು ಹೊಡೆಯಬೇಕೇ, ಬಿಡಬೇಕೇ?

ಅಗ್ನಿಶಾಮಕ ಸೇವೆಯ ಹಿರಿಯರಲ್ಲಿ ಒಂದು ಸಂಶಯ. ನಾನು ಕಾರವಾರದ ಕಡೆ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ.

ಮೊನ್ನೆ ನಸುಕಿನಲ್ಲಿ ಹೆದ್ದಾರಿ 66ರ ಬದಿಗೆ ಗ್ಯಾಸ್ ಟ್ಯಾಂಕರ್ ವಾಲಿತ್ತು. ಬೆಂಕಿ ಇರಲಿಲ್ಲ, ವಾಲ್ವ್‌ನಲ್ಲಿ ಸಣ್ಣ ಸೋರಿಕೆ. ಒದ್ದೆ ಗೋಣಿಚೀಲ ಸುತ್ತಿದೆವು; ಸೋರುವ ಗ್ಯಾಸ್‌ನ ತಂಪಿಗೆ ಈ ಸೆಕೆಯಲ್ಲೂ ಅದು ಕಣ್ಣೆದುರೇ ಬೆಳ್ಳಗೆ ಹೆಪ್ಪುಗಟ್ಟಿ ಸೋರಿಕೆ ತಗ್ಗಿತು. ಸಂಚಾರ ತಡೆದೆವು. ಒಲೆ ಹಚ್ಚಬೇಡಿ, ಸ್ವಿಚ್ ಮುಟ್ಟಬೇಡಿ ಎಂದು ಕೂಗಿ ಜನರನ್ನು ಹೊರಗೆ ಕಳಿಸಿದೆವು. 2015ರಲ್ಲಿ ಕುಮಟಾ ಬಳಿಯ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿ ಜನ ಸತ್ತ ದುರಂತವನ್ನು ಇಲ್ಲಿ ಯಾರೂ ಮರೆತಿಲ್ಲ, ಎರಡನೇ ಸಲ ಹೇಳಬೇಕಾಗಲಿಲ್ಲ.

ತೊಡಕಾದದ್ದು ಚರಂಡಿ. ಗಾಳಿಗಿಂತ ಭಾರವಾದ ಗ್ಯಾಸ್ ರಸ್ತೆ ಬದಿಯ ಮುಚ್ಚಿದ ಚರಂಡಿಗೆ ಇಳಿಯಿತು. ಆ ಚರಂಡಿ ಹೋಗುವುದು ನೇರ ಮೀನುಗಾರರ ಕೇರಿಗೆ; ನಸುಕಿನ ಗಾಳಿಯೂ ಗುಡ್ಡದಿಂದ ಕಡಲಿಗೇ ಬೀಸುತ್ತದೆ. ತುಂತುರು ನೀರು ಹೊಡೆದು ಚದುರಿಸು ಎಂದರು ಒಬ್ಬರು. ಒಳಗೆ ನೀರು ಹರಿದರೆ ಗ್ಯಾಸನ್ನೇ ಮುಂದಕ್ಕೆ ತಳ್ಳುತ್ತದೆ ಎಂದರು ಇನ್ನೊಬ್ಬರು. ಇಬ್ಬರ ಮಾತೂ ಸರಿಯೆನಿಸಿ ನಾನು ಹೋಸ್ ಹಿಡಿದು ನಿಂತೇ ಇದ್ದೆ. ನಾಚಿಕೆಯಾಯಿತು. ತರಬೇತಿಯಲ್ಲಿ ನಾವು ಕಲಿತದ್ದೆಲ್ಲ ಬಯಲಿನಲ್ಲಿ.

ಇಂಥಲ್ಲಿ ಮೊದಲು ಚರಂಡಿಯ ಬಾಯಿಗೆ ಮರಳುಚೀಲ ಒಟ್ಟಬೇಕೇ, ತುಂತುರು ಹೊಡೆಯಬೇಕೇ? ಹೊಡೆಯುವುದಾದರೆ ಯಾವ ಕಡೆ ನಿಂತು? ಸ್ವತಃ ಮಾಡಿದವರು ದಯವಿಟ್ಟು ತಿಳಿಸಿ.